ಹುಸಿನೊಣದ ಗಾಳ

ಹೊಟ್ಟೆಪಾಡಿಗಾಗಿ ಮೀನು ಹಿಡಿಯುವವನಿಗೆ ಬಲೆ ಸಾಕು. ಅವನ ಕಸುಬನ್ನು ಕುರಿತು ನಾವು ಮಾತನಾಡಹೊರಟಿಲ್ಲ. ಬಲೆಯಿಂದ ಗಳಿಗೆಯೊಂದರಲ್ಲಿ ಆಗುವ ಕೆಲಸಕ್ಕೆ ದಿನವೆಲ್ಲ ಮೊಳಕಾಲುದ್ದ ತಣ್ಣೀರಿನಲ್ಲಿ ನಿಂತು, ಸಂಜೆ ಬರಿಗೈಯಲ್ಲಿ ಮನೆಗೆ ಹಿಂದಿರುಗಿ, ದಿನ ಬಹು ಸುಖವಾಗಿ ಕಳೆಯಿತೆನ್ನುವ ಜನರುಂಟು. ಇಂಗ್ಲೆಂಡಿನಲ್ಲಿ ಇಂಥವರು ಬಹುಮಂದಿ. ಅವರ ಮರುಳಿನಲ್ಲಿಯೂ ಒಂದು ವಿವೇಕವಿದೆಯೆಂದು ನಮಗೆ ತೋರುತ್ತದೆ.

ಗಾಳದ ವಿನೋದವು ನಮ್ಮ ನಾಡಿಗೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸರ ವಿನೋದಗಳನ್ನು ಹೇಳುವಾಗ ಮತ್ಸ್ಯವಿನೋದಕ್ಕೂ ಎಡೆಗೊಟ್ಟು, ಮೀನುಗಳ ಜಾತಿ, ಅವಕ್ಕೆ ಹಾಕುವ ಆಹಾರ, ಕೋಲು, ದಾರ ಎಲ್ಲವನ್ನೂ ವಿವರಿಸಿದ್ದಾನೆ. ಆದರೆ ಆತನ ಗಾಳಕ್ಕೆ ಸಿಕ್ಕಿಸುವ ಎರೆ ಮೀನು ನಿಜವಾಗಿಯೂ ತಿನ್ನತಕ್ಕ ವಸ್ತು. ನಾವು ಹೇಳುವ ಹುಸಿನೊಣದ ಗಾಳದಲ್ಲಿ ತಿನ್ನಲು ಏನೂ ಇಲ್ಲ. ಕೊಕ್ಕೆಗೆ ರೇಷ್ಮೆಯ ಎಳೆಯನ್ನು ಸುತ್ತಿ, ಹುಂಜದ ಕತ್ತಿನ ಗರಿಯನ್ನೋ ಮೊಲದ ತುಪ್ಪುಳನ್ನೋ ಕಟ್ಟಿ, ನೀರ ಮೇಲೆ ಇಳಿದ ನೊಣವೆಂಬ ಭ್ರಮೆಯನ್ನು ಹುಟ್ಟಿಸುತ್ತಾರೆ. ಮ್ಯಾಸಿಡೋನಿಯದ ಜನರು ಕೆಂಪು ಉಣ್ಣೆಯನ್ನೂ ಹುಂಜದ ಎರಡು ಗರಿಗಳನ್ನೂ ಕೊಕ್ಕೆಗೆ ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ಕ್ರಿ.ಶ. 200ರ ಸುಮಾರಿನಲ್ಲಿದ್ದ ಈಲಿಯನ್ ಎಂಬ ಲೇಖಕನು ಬರೆದಿದ್ದಾನೆ.

ಮಾಮೂಲು ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಹುಸಿನೊಣಕ್ಕೆ ಭಾರವೆಂಬುದೇ ಇಲ್ಲ. ಆದಕಾರಣ ಇಲ್ಲಿ ದಾರವೇ ಭಾರವಾಗಿರಬೇಕು. ಕೋಲನ್ನು ಹಿಂದಕ್ಕೆ ಬೀಸಿ, ದಾರವು ಬೆನ್ನ ಹಿಂದೆ ಗಾಳಿಯಲ್ಲಿ ನೀಳವಾಗಿ ಬಿಚ್ಚಿಕೊಳ್ಳುವವರೆಗೆ ಕಾದು, ಬಳಿಕ ಮುಂದಕ್ಕೆ ಬೀಸಬೇಕು. ತೋಳ್ಬಲವನ್ನು ನೆಚ್ಚಿದವನ ದಾರ ಅವನ ಕಿವಿಗೇ ಸುತ್ತಿಕೊಳ್ಳುತ್ತದೆ. ಇಲ್ಲಿ ಬೇಕಾದುದು ತಾಳಜ್ಞಾನ.

ಈ ಕಲೆಯು ಕಾವ್ಯದಂತೆ ಬೆಳೆದುದು ಹ್ಯಾಂಪ್‌ಷೈರಿನ ಟೆಸ್ಟ್, ಇಚನ್ ಮೊದಲಾದ ಹೊಳೆಗಳ ದಡದಲ್ಲಿ. ಅಲ್ಲಿಯ ನೆಲವು ಸೀಮೆಸುಣ್ಣದ ಕಲ್ಲು. ಮಳೆಯ ನೀರು ಅದರೊಳಗೆ ಇಂಗಿ, ಸೋಸಿ, ಬುಗ್ಗೆಗಳಾಗಿ ಹೊರಬರುವುದರಿಂದ ಹೊಳೆಯು ಬೇಸಗೆಯಲ್ಲಿಯೂ ತಂಪಾಗಿ, ತಳದ ಹಸುರು ಪಾಚಿ ಕಾಣುವಷ್ಟು ತಿಳಿಯಾಗಿ ಹರಿಯುತ್ತದೆ. ಇಂಥ ನೀರಿನಲ್ಲಿ ನಾವು ಮೀನನ್ನು ಕಾಣುತ್ತೇವೆ. ಮೀನೂ ನಮ್ಮನ್ನು ಕಾಣುತ್ತದೆ! ನೀರೊಳಗಿನ ಕಣ್ಣಿಗೆ ಹೊರಲೋಕವೆಲ್ಲ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಅಡಕವಾಗಿ ತೋರುತ್ತದೆ. ಟ್ರೌಟ್ ಮೀನು ಪ್ರವಾಹಕ್ಕೆ ಎದುರಾಗಿ ನಿಂತು ಆ ಕಿಟಕಿಯನ್ನು ಕಾಯುತ್ತಿರುತ್ತದೆ. ಗಾಳದವನು ಅದರ ಬೆನ್ನ ಹಿಂದಿನಿಂದ, ಬಾಗಿ, ಬಹುಮಟ್ಟಿಗೆ ಕಳ್ಳನಂತೆಯೇ ಬರಬೇಕು. ಅಷ್ಟಾದರೂ ಎಸೆದ ನೊಣವನ್ನು ದಾರವು ಕೊಂಚ ಅಡ್ಡಕ್ಕೆ ಎಳೆದರೆ ಸಾಕು, ಮೀನು ಮುಖ ತಿರುಗಿಸುತ್ತದೆ.

ಮೇ ತಿಂಗಳ ಕೊನೆಗೆ ಆ ಹೊಳೆಗಳಲ್ಲಿ ಮೇಫ್ಲೈ ಎಂಬ ಕೀಟವು ಏಳುತ್ತದೆ. ಒಂದೆರಡು ವರುಷ ಕೆಸರಿನಲ್ಲಿ ಮರಿಯಾಗಿ ಕಳೆದ ಈ ಪ್ರಾಣಿಯು ರೆಕ್ಕೆ ಮೂಡಿದ ಮೇಲೆ ಬದುಕುವುದು ಒಂದೆರಡು ದಿನ. ಆಗ ಅದಕ್ಕೆ ಉಣ್ಣುವ ಬಾಯಿಯೂ ಇರುವುದಿಲ್ಲ. ಅಲ್ಲಿಂದ ಸೆಪ್ಟೆಂಬರಿನವರೆಗೆ ಬೇರೆ ಬೇರೆ ಕೀಟಗಳ ಸರದಿ. ಯಾವ ಕೀಟ ಯಾವ ಹೊತ್ತಿಗೆ ಏಳುವುದೆಂದು ಅರಿಯದವನು ಪೆಟ್ಟಿಗೆಯ ತುಂಬ ನೊಣಗಳಿದ್ದರೂ ಬಡವನೇ. ಹೀಗೆ, ಮೀನಿನ ಆಸೆಯಿಂದ ಹೊರಟವನು ತನಗರಿಯದೆಯೇ ಹೊಳೆಯ ವಿದ್ಯಾರ್ಥಿಯಾಗುತ್ತಾನೆ. ಈ ವಿನೋದದ ಸುಖವಿರುವುದು ಇಲ್ಲಿಯೇ ಎಂದು ನಮ್ಮ ಎಣಿಕೆ.

ವಿದ್ಯೆಯಿದ್ದೆಡೆ ವಾದವೂ ಇರಬೇಕಷ್ಟೆ. ಮೀನು ಮೇಲೆದ್ದು ಕೀಟವನ್ನು ತಿನ್ನುವುದನ್ನು ಕಂಡ ಮೇಲೆಯೇ, ತೇಲುವ ನೊಣವನ್ನೇ ಎಸೆಯಬೇಕೆಂಬುದು ಫ್ರೆಡರಿಕ್ ಹಾಲ್‌ಫರ್ಡನ ಶಾಸ್ತ್ರ; ಅವನ ಮೊದಲ ಗ್ರಂಥ 1886ರಲ್ಲಿ ಹೊರಬಂದಿತು. ಸ್ಕ್ಯೂಸ್ ಎಂಬ ಲಂಡನ್ನಿನ ವಕೀಲನು, ಹಿಡಿದ ಮೀನುಗಳ ಹೊಟ್ಟೆಯಲ್ಲಿದ್ದುದನ್ನು ಪರೀಕ್ಷಿಸಿ, ಅವು ತಿನ್ನುವುದರಲ್ಲಿ ಬಹುಪಾಲು ಇನ್ನೂ ರೆಕ್ಕೆ ಬಿಚ್ಚದ, ನೀರೊಳಗಿನ ಮರಿಗಳೇ ಎಂದು ಕಂಡು, ಅವುಗಳಂತಹ ಹುಸಿಮರಿಗಳನ್ನು ಮುಳುಗಿಸಿ ಎಸೆಯುವುದೂ ನ್ಯಾಯವೆಂದು 1910ರಲ್ಲಿ ಬರೆದನು. ಹಾಲ್‌ಫರ್ಡನು 1914ರಲ್ಲಿ ತೀರಿಕೊಂಡರೂ ಶಿಷ್ಯರು ಸುಮ್ಮನಿರಲಿಲ್ಲ. 1938ರಲ್ಲಿ, ಸ್ಕ್ಯೂಸನಿಗೆ 80 ತುಂಬುತ್ತಿದ್ದ ವರುಷ, ಲಂಡನ್ನಿನ ಅವರ ಸಂಘದಲ್ಲಿ ಇದೇ ವಿಷಯವಾಗಿ ಚರ್ಚೆ ನಡೆಯಿತು. ದ್ವೈತಾದ್ವೈತಗಳ ವಾದವನ್ನು ಬಲ್ಲ ನಮಗೆ ಇದು ಅಷ್ಟೇನೂ ವಿಚಿತ್ರವಲ್ಲ. ನಮ್ಮ ಒಲವು ಸ್ಕ್ಯೂಸನ ಕಡೆಗೆ. ಅವನು ಶಾಸ್ತ್ರಕ್ಕಿಂತ ಮೀನನ್ನು ನಂಬಿದನು.

ಕೆರೆಕೊಳಗಳಲ್ಲಿ ರೀತಿ ಬೇರೆ. ಸಾಮರ್ಸೆಟ್ಟಿನ ಬ್ಲ್ಯಾಗ್ಡನ್ ಜಲಾಶಯದಲ್ಲಿ 1904ರಿಂದ ಈ ವಿನೋದ ನಡೆದುಬಂದಿದೆ. ಅಲ್ಲಿ ಹರಿವು ಕೀಟವನ್ನು ಮೀನಿನ ಬಳಿಗೆ ತರುವುದಿಲ್ಲ. ಮೀನೇ ಅಲೆದಾಡುತ್ತದೆ, ಗಾಳದವನು ಕಾಯುತ್ತಾನೆ. ಸಮುದ್ರತೀರದಲ್ಲಿ ನೊಣದ ಹೆಸರಷ್ಟೇ ಉಳಿಯುತ್ತದೆ. ಅಳಿವೆಗಳಲ್ಲಿ ಬ್ಯಾಸ್ ಮೀನುಗಳು ಸಣ್ಣ ಮರಳುಮೀನುಗಳನ್ನು ಅಟ್ಟಿಕೊಂಡು ಬರುವಾಗ, ಬಿಳಿಯ ಕೂದಲಿನಿಂದ ಕಟ್ಟಿದ ಬೆರಳುದ್ದದ ಹುಸಿಮೀನನ್ನು ಎಸೆಯುತ್ತಾರೆ. ಅಲ್ಲಿ ಕೀಟಶಾಸ್ತ್ರಕ್ಕಿಂತ ಉಬ್ಬರವಿಳಿತದ ಪಂಚಾಂಗವೇ ಮುಖ್ಯ.

ಇಷ್ಟನ್ನು ಕೇಳಿದ ಮೇಲೆ, ಪ್ರಾಣಿಯನ್ನು ನೋಯಿಸಿ ಪಡೆಯುವ ಸುಖ ಎಂಥದೆಂದು ಶ್ರೋತೃಗಳು ಕೇಳಬಹುದು. 1653ರಲ್ಲಿ ಗಾಳದ ವಿಷಯವಾಗಿ ಮನೋಹರವಾದ ಗ್ರಂಥವನ್ನು ಬರೆದ ಐಸಾಕ್ ವಾಲ್ಟನ್ನನನ್ನು ಬೈರನ್ ಕವಿಯೇ ಕ್ರೂರಿಯೆಂದು ಹಳಿದನು. ಈ ಆಕ್ಷೇಪವನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಈಗ ಅನೇಕರು ಹಿಮ್ಮುಳ್ಳಿಲ್ಲದ ಕೊಕ್ಕೆಯನ್ನು ಬಳಸಿ, ಒದ್ದೆಗೈಯಿಂದ ಮೀನನ್ನು ಬಿಡಿಸಿ ನೀರಿಗೇ ಬಿಡುತ್ತಾರೆ. ಇದರಿಂದ ಮೀನಿನ ಪ್ರಾಣವು ಬಹುಮಟ್ಟಿಗೆ ಉಳಿಯುವುದೇ ಹೊರತು ಅದರ ಭಯವು ಇಲ್ಲದಾಗುವುದಿಲ್ಲ.

ಆದರೆ ಬಿಟ್ಟ ಮೀನು ಬದುಕಲು ಹೊಳೆಯೇ ಇರಬೇಕಲ್ಲವೆ? ಸುಣ್ಣಗಲ್ಲಿನ ಇಂಥ ಹೊಳೆಗಳು ಲೋಕದಲ್ಲಿ ಕೆಲವು ನೂರು ಮಾತ್ರ, ಬಹುಪಾಲು ಇಂಗ್ಲೆಂಡಿನಲ್ಲಿವೆ. ಊರುಗಳಿಗಾಗಿ ನೆಲದ ನೀರನ್ನು ಮೇಲೆತ್ತುವುದರಿಂದ ಕೆಲವು ಬತ್ತುತ್ತಿವೆ. ಕೆಲವಕ್ಕೆ ಚರಂಡಿಯ ಕೊಳೆ ಸೇರುತ್ತಿದೆ. ಕೊಳೆಯ ನೀರಿನಲ್ಲಿ ಮೊದಲು ಅಳಿಯುವುದು ಈ ಕೀಟಗಳ ಮರಿಗಳೇ. ಅವುಗಳ ಹೆಸರನ್ನೂ ಕಾಲವನ್ನೂ ಮೊದಲೇ ಬಲ್ಲ ಗಾಳದವರು ಈಗ ಹಲವು ಹೊಳೆಗಳಲ್ಲಿ ತಿಂಗಳಿಗೊಮ್ಮೆ ನೀರಿಗಿಳಿದು, ತಳದ ಕಲ್ಲುಗಳನ್ನು ಕಾಲಿನಿಂದ ಕದಡಿ, ಬಲೆಗೆ ಬಂದ ಮರಿಗಳನ್ನು ತಟ್ಟೆಯಲ್ಲಿ ಎಣಿಸಿ, ಎಣಿಕೆಯು ಗೊತ್ತಾದ ಮಟ್ಟಕ್ಕಿಂತ ಇಳಿದರೆ ಅಧಿಕಾರಿಗಳಿಗೆ ತಿಳಿಸುತ್ತಾರೆ.