ಸೀಟು ಸಿಕ್ಕ ಮೇಲಿನ ಮಾತು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಕಾಲೇಜಿಗೆ ಸೇರುವ ದಿನ ನಮ್ಮ ಕೇರಿಗೆ ಕೇರಿಯೇ ಬೀಗುತ್ತದೆ. ಅದೇ ಹುಡುಗ ಮೂರನೇ ಸೆಮಿಸ್ಟರಿಗೆ ಪುಸ್ತಕ ಮುಚ್ಚಿ ಗಾರೆ ಕೆಲಸಕ್ಕೆ ಹೊರಟರೆ ಯಾಕಪ್ಪಾ ಅಂತ ಕೇಳೋರಿಲ್ಲ. 'ಡ್ರಾಪ್‌ಔಟ್' ಅಂತ ಬರೆದು ಕಾಲೇಜು ಕೈ ತೊಳೆದುಕೊಳ್ಳುತ್ತದೆ. ಓದು ಬಿಟ್ಟವನು ಅಂತ ಅದರರ್ಥ. ಬಿಡಿಸಿದವರು ಯಾರು ಅಂತ ಬರೆಯೋದಕ್ಕೆ ಆ ರಿಜಿಸ್ಟರಿನಲ್ಲಿ ಜಾಗ ಇಲ್ಲ.

ಮೀಸಲಾತಿ ಬಾಗಿಲು ತೆರೆಯಿತು. ಅದಕ್ಕಾಗಿ ಹೋರಾಡಿದವರ ಋಣ ನಮ್ಮ ಮೇಲಿದೆ. ಆದರೆ ಒಳಗೆ ಬಂದವರನ್ನು ಹಿತ್ತಲ ಬಾಗಿಲಿನಿಂದ ಸದ್ದಿಲ್ಲದೆ ಸಾಗಹಾಕುವುದು ನಡೆದೇ ಇದೆ.

ಬಾಬಾಸಾಹೇಬರನ್ನೇ ನೋಡಿ. 1913ರಲ್ಲಿ ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ಪಿನಲ್ಲಿ ಕೊಲಂಬಿಯಾಕ್ಕೆ ಹೋದರು, ಅಲ್ಲಿಂದ ಲಂಡನ್ನಿಗೆ. 1917ರಲ್ಲಿ ಸ್ಕಾಲರ್‌ಶಿಪ್ಪಿನ ಅವಧಿ ಮುಗಿಯಿತು. ಓದು ಅರ್ಧಕ್ಕೆ ನಿಂತಿತು. ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ಕೂಡಿಟ್ಟ ಕಾಸು, ಕೊಲ್ಲಾಪುರದ ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ, ಇಷ್ಟನ್ನೂ ಗಂಟು ಕಟ್ಟಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಡಿ.ಎಸ್ಸಿ. ಬಂದದ್ದು 1923ರಲ್ಲಿ. ಅಂಥವರ ಓದನ್ನೇ ದುಡ್ಡು ಮೂರು ವರ್ಷ ತಡೆದು ನಿಲ್ಲಿಸಿತು. 'ನಿಮಗೆ ಮೆರಿಟ್ ಸಾಲದು' ಅನ್ನೋರು ಇದನ್ನು ಓದಿಲ್ಲವೋ, ಓದಿಯೂ ಮರೆತರೋ!

ಅವರು ವೈಸರಾಯ್ ಕೌನ್ಸಿಲಿನಲ್ಲಿದ್ದಾಗ, 1944ರಲ್ಲಿ, ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಶುರುವಾಯಿತು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಅದಕ್ಕೆ ಐದು ವರ್ಷಗಳ 59,048 ಕೋಟಿ ರೂಪಾಯಿ ಲೆಕ್ಕ ಒಪ್ಪಿತು. ನೂರಕ್ಕೆ 60 ಕೇಂದ್ರದ್ದು, 40 ನಮ್ಮಂಥ ರಾಜ್ಯದ್ದು. ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರದ ಪಾಲು ನೇರ ವಿದ್ಯಾರ್ಥಿಯ ಖಾತೆಗೆ. ಕಾಗದದ ಮೇಲೆ ಚೆಂದ. ಆದರೆ ಫೀಸು ಕೇಳೋದು ಸೇರುವ ದಿನವೇ. ಖಾತೆಗೆ ಕಾಸು ಬೀಳುವಷ್ಟರಲ್ಲಿ ಅವ್ವನ ಓಲೆ ಗಿರವಿ ಅಂಗಡಿ ಸೇರಿರುತ್ತದೆ. ಓಲೆ ಇಲ್ಲದ ಅವ್ವಂದಿರೂ ಇದ್ದಾರೆ. ಅವರ ಮಕ್ಕಳೇ ಗಾರೆ ಕೆಲಸಕ್ಕೆ ಹೊರಟವರು.

ಇಂಗ್ಲಿಷಿನದು ಇನ್ನೊಂದು ಕಥೆ. ಪಿಯುಸಿವರೆಗೆ ಬೇಡಿಕೆ, ಪೂರೈಕೆ ಅಂತ ಓದಿದವನ ಮುಂದೆ ಡಿಮಾಂಡ್, ಸಪ್ಲೈ ಅಂತ ಬೋರ್ಡಿನ ಮೇಲೆ ಬರೆದು ಅಳಿಸಿಬಿಡುತ್ತಾರೆ. ಗೊತ್ತಿದ್ದದ್ದೇ ಗೊತ್ತಿಲ್ಲದಂತಾಗುತ್ತದೆ. ಸಾಲದ್ದಕ್ಕೆ, ತುಂಬಿದ ಕ್ಲಾಸಿನಲ್ಲಿ 'ಸ್ಕಾಲರ್‌ಶಿಪ್ಪಿನವರು ಎದ್ದು ನಿಲ್ಲಿ' ಅನ್ನುವ ಮೇಷ್ಟ್ರು. ಎದ್ದು ನಿಂತವರ ಕಾಲು ನಡುಗಿದ್ದು ನಮಗೆ ಗೊತ್ತು.

ಸರ್ಕಾರಿ ಕಾಲೇಜುಗಳು ಮೊದಲ ಸೆಮಿಸ್ಟರಿನಲ್ಲೇ ಕನ್ನಡದ ಮೂಲಕ ಇಂಗ್ಲಿಷ್ ಕಲಿಸುವ ತರಗತಿ ನಡೆಸಲಿ. ದುಡ್ಡು ತಡವಾದರೆ ಆ ತಪ್ಪಿಗೆ ಹುಡುಗರ ಹಾಲ್ ಟಿಕೆಟ್ ಹಿಡಿಯೋದು ಬೇಡ. ಮೂರು ವರ್ಷದ ಹಿಂದೆ ಸೇರಿದ ನಮ್ಮವರೆಷ್ಟು, ಡಿಗ್ರಿ ಪಡೆದವರೆಷ್ಟು, ನೋಟಿಸ್ ಬೋರ್ಡಿಗೆ ಹಚ್ಚಲಿ. ಹಚ್ಚದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿಗೆ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಲೇಬೇಕು.

ಬಿಳಿ ಹಾಳೆ ತಂದಿದ್ದೇವೆ. ಊಟ ಆದ ಮೇಲೆ ಮೆಸ್ಸಿನಲ್ಲೇ ಕೂತು ಅರ್ಜಿ ಬರೆಯೋಣ. ಮೊದಲ ವರ್ಷದವರು ಅರ್ಥಶಾಸ್ತ್ರದ ಪುಸ್ತಕಾನೂ ತನ್ನಿ.