ಸೋಸಿದ ನೀರು, ಸೋಸಲಾಗದ ನೀರು

(ವೈಯಾಲಿಕಾವಲ್‌ನಲ್ಲಿ ನಡೆದ ಸಂಸ್ಥೆಯ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ವಿಜ್ಞಾನದ ಮೇಷ್ಟ್ರು ಮಾತನಾಡಬೇಕಾದ ವಿಷಯವನ್ನು ಉರ್ದು, ಕನ್ನಡ ಕಲಿಸುವ ನನಗೆ ಕೊಟ್ಟಿದ್ದೀರಿ. ಈ ಮೇಜಿನ ಮೇಲೆ ಮೂರು ಬಾಟಲಿಗಳಿವೆ. ಮೊದಲನೆಯದರಲ್ಲಿ ನಲ್ಲಿಯ ನೀರು. ಎರಡನೆಯದರಲ್ಲಿ ಮೈಸೂರು ರಸ್ತೆಯ ಪಕ್ಕದ ಮೋರಿಯಿಂದ ತಂದ ಕಪ್ಪು ನೀರು. ಮೂರನೆಯದು ಅದೇ ಕಪ್ಪು ನೀರು, ನಮ್ಮ ಎಂಟನೇ ತರಗತಿಯ ಮಕ್ಕಳು ಸೋಸಿ ತೆಗೆದದ್ದು.

ಮೋರಿ ಎಂದೆ. ಅದು ಮೋರಿಯಲ್ಲ, ನದಿ. ಹೆಸರು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತದೆ ಎಂಬ ನಂಬಿಕೆಯಿಂದಲೇ ಆ ಹೆಸರು ಬಂತು. ಅದರ ಇನ್ನೊಂದು ಕವಲು ಇಲ್ಲೇ ನಮ್ಮ ಪಕ್ಕದ ಮಲ್ಲೇಶ್ವರದ ಕಡೆಯಿಂದ ಹೊರಡುತ್ತದೆ. ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಸಮೀಪದ ಬೈರಮಂಗಲ ಕೆರೆಗೆ ಬಿದ್ದು, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ.

ಈಗ ಮೊದಲನೆಯ ಬಾಟಲಿಗೆ ಬರೋಣ. ಬೆಂಗಳೂರಿಗೆ ಕೊಳವೆ ನೀರು ಬಂದದ್ದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ. ಆ ನೀರನ್ನು ಸೋಸಿದ್ದು ಮಲ್ಲೇಶ್ವರದ ಜ್ಯುವೆಲ್ ಫಿಲ್ಟರ್‌ನಲ್ಲಿ. ಜ್ಯುವೆಲ್ ಎಂದರೆ ಒಡವೆ ಎಂದು ನಮ್ಮ ಹುಡುಗಿಯರು ನಗುತ್ತಾರೆ. ಅದು ಅಮೆರಿಕದ ಒಂದು ಬಗೆಯ ಫಿಲ್ಟರಿನ ಹೆಸರು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು, ಅದೂ ಅರ್ಕಾವತಿಯದೇ. ಮನೆ ಮುಂದಿನ ಹೊಳೆ ಸಾಲದೆ, 1974ರಿಂದ ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪು ಮಾಡಿ ತರುತ್ತಿದ್ದೇವೆ. ಐದನೇ ಹಂತ 2024ರಲ್ಲಿ ಆರಂಭವಾಯಿತು.

ಆ ನೀರನ್ನು ಶುದ್ಧಿ ಮಾಡುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ಮೊದಲು ನೀರಿಗೆ ಗಾಳಿ ಹಾಯಿಸುತ್ತಾರೆ. ಆಮೇಲೆ ಆಲಂ, ಅಂದರೆ ನಮ್ಮ ಅಜ್ಜಿಯರ ಫಿಟ್ಕರಿ, ಬೆರೆಸುತ್ತಾರೆ. ಬಿಡಿಬಿಡಿಯಾಗಿ ತೇಲುವ ಮಣ್ಣಿನ ಕಣಗಳು ತಾವಾಗಿ ತಳ ಸೇರುವುದಿಲ್ಲ. ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಆಲಂ ಆ ತಳ್ಳಾಟ ನಿಲ್ಲಿಸುತ್ತದೆ. ಕಣಗಳು ಹತ್ತಿಯ ಉಂಡೆಗಳಂತೆ ಗುಂಪುಗೂಡಿ ಭಾರವಾಗಿ ಕೆಳಗಿಳಿಯುತ್ತವೆ. ಉಳಿದದ್ದನ್ನು ಮರಳಿನ ಹಾಸು ಹಿಡಿಯುತ್ತದೆ. ಕೊನೆಗೆ ಕ್ಲೋರಿನ್. ನಲ್ಲಿಗೆ ಬರುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ನಿಯಮ. ದಾರಿಯಲ್ಲಿ ಕೊಳವೆ ಒಡೆದು ಕೊಳೆ ಸೇರಿದರೆ ಕಾಯುವುದು ಅದೊಂದೇ. ಆ ವಾಸನೆಗೆ ಮುಖ ಸಿಂಡರಿಸಬೇಡಿ.

ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ಮಳೆಗಾಲದಲ್ಲಿ ನಮ್ಮ ಬೀದಿಯ ಕುಡಿಯುವ ನೀರಿನ ಕೊಳವೆಗೆ ಚರಂಡಿಯ ನೀರು ಸೇರಿತ್ತು. ಗ್ಲಾಸಿನಲ್ಲಿ ಹಿಡಿದರೆ ಕನ್ನಡಿಯಂತೆ ಸ್ವಚ್ಛ. ಕುದಿಸುವ ಗೋಜಿಗೆ ಹೋಗಲಿಲ್ಲ. ನನ್ನ ಚಿಕ್ಕ ಮಗಳು ಕಾಮಾಲೆಯಿಂದ ಮೂರು ವಾರ ಮಲಗಿದಳು. ಮಗುವಿನ ಹಳದಿ ಕಣ್ಣು ನೋಡುವಾಗ ನನ್ನ ಬಿ.ಎಡ್. ಪದವಿ ಯಾವ ಕೆಲಸಕ್ಕೂ ಬರಲಿಲ್ಲ.

ನಾಪಾಕಿ ಬಿದ್ದು ಬಣ್ಣ, ರುಚಿ, ವಾಸನೆಗಳಲ್ಲಿ ಒಂದು ಬದಲಾದರೂ ಆ ನೀರು ವುಜೂಗೆ ಆಗದು ಎಂದು ನಾವೆಲ್ಲ ಚಿಕ್ಕಂದಿನಲ್ಲೇ ಕಲಿತಿದ್ದೇವೆ. ಎಷ್ಟು ಒಳ್ಳೆಯ ಪರೀಕ್ಷೆ! ಕುಡಿಯುವ ನೀರಿಗೆ ಮಾತ್ರ ಅದರ ಮೇಲೂ ಒಂದು ಎಚ್ಚರ ಬೇಕು: ರೋಗಾಣುವಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ.

ಈಗ ಮೂರನೆಯ ಬಾಟಲಿ. ಮಕ್ಕಳು ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ತಲೆಕೆಳಗು ಮಾಡಿ, ಹತ್ತಿ, ಇದ್ದಿಲು, ಮರಳು, ಜಲ್ಲಿ ತುಂಬಿದರು. ನಾಲ್ಕು ಸಲ ಸೋಸಿದ ಮೇಲೆ ನೀರು ತಿಳಿಯಾಯಿತು. ಚಪ್ಪಾಳೆ ಹೊಡೆದರು. ಒಬ್ಬ ಹುಡುಗ, ಸದಾ ಹಿಂದಿನ ಬೆಂಚಿನವನು, ಬಾಟಲಿ ತೆಗೆದುಕೊಂಡು ಜೋರಾಗಿ ಅಲ್ಲಾಡಿಸಿದ. ಮೇಲೆಲ್ಲ ನೊರೆ! "ಸರ್, ಸಾಬೂನು ಹೋಗಿಲ್ಲ" ಎಂದ. ಪಾಠ ಮಾಡಿದವನು ಅವನೇ.

ಮರಳು ಮಣ್ಣನ್ನು ಹಿಡಿಯುತ್ತದೆ, ಕ್ಲೋರಿನ್ ರೋಗಾಣುವನ್ನು ಕೊಲ್ಲುತ್ತದೆ. ನೀರಿನಲ್ಲಿ ಕರಗಿಹೋದ ಉಪ್ಪು, ಬಟ್ಟೆ ಒಗೆಯುವ ಪುಡಿ, ಕಾರ್ಖಾನೆಯ ಬಣ್ಣ, ಸೀಸ, ಕ್ರೋಮಿಯಂ ಇವುಗಳಿಗೆ ಆ ಎರಡೂ ಸಾಲವು. ನಗರಕ್ಕೆ ಬರುವ ನೀರಿನಲ್ಲಿ ನೂರಕ್ಕೆ 80 ಭಾಗ ಕೊಳೆನೀರಾಗಿ ಹೊರಹೋಗುತ್ತದೆ ಎಂದು ಇಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅದನ್ನು ಶುದ್ಧೀಕರಿಸುವ ಘಟಕಗಳು ವೃಷಭಾವತಿಯ ದಂಡೆಯಲ್ಲೇ ಇವೆ. ಆದರೆ ಒಳಚರಂಡಿಗೆ ಸೇರದೆ ನೇರ ಕಾಲುವೆಗೆ ಬಿದ್ದದ್ದು ಅವುಗಳ ಬಾಗಿಲಿಗೇ ಹೋಗುವುದಿಲ್ಲ.

ನಾವು ಕಾವೇರಿಯನ್ನು ಎತ್ತಿಕೊಳ್ಳುವುದು ಸಂಗಮಕ್ಕಿಂತ ಮೇಲೆ. ನಾವು ಕೊಳೆ ಮಾಡಿದ್ದು ಅವಳನ್ನು ಸೇರುವುದು ಕೆಳಗೆ. ಆದ್ದರಿಂದ ನಮ್ಮ ನಲ್ಲಿಗೆ ಅದು ವಾಪಸು ಬರುವುದಿಲ್ಲ. ಬೈರಮಂಗಲದ ರೈತನ ಗದ್ದೆಗೆ ಹೋಗುತ್ತದೆ, ಅವನ ಬಾವಿಗೆ ಇಳಿಯುತ್ತದೆ. ಅವನಿಗೆ ತೊರೆಕಾಡನಹಳ್ಳಿ ಇಲ್ಲ. ಅವನು ಬೆಳೆದ ಸೊಪ್ಪು, ಅವನ ಹಸುವಿನ ಹಾಲು ಯಾರ ಮನೆಗೆ ಬರುತ್ತದೆಂದು ನೀವೇ ಯೋಚಿಸಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬಾಟಲಿಗಳನ್ನು ಇಲ್ಲೇ ಬಿಟ್ಟಿರುತ್ತೇನೆ. ಕಾರ್ಯಕ್ರಮ ಮುಗಿದ ಮೇಲೆ ಬಂದು ಮೊದಲನೆಯದನ್ನೂ ಮೂರನೆಯದನ್ನೂ ಅಕ್ಕಪಕ್ಕ ಹಿಡಿದು ನೋಡಿ; ಚೀಟಿ ಅಂಟಿಸಿದ್ದೇನೆ, ದಯವಿಟ್ಟು ಅದನ್ನು ಕೀಳಬೇಡಿ. ಕಿತ್ತರೆ ಯಾವುದು ಯಾವುದೆಂದು ನನಗೂ ತಿಳಿಯುವುದಿಲ್ಲ.