ಅಕ್ಕಿಯ ಬೂಷ್ಟಿನಿಂದ ಬಂದ ಮದ್ದು

ಮಳೆಗಾಲದಲ್ಲಿ ಅಕ್ಕಿಗೆ ನೀಲಿ-ಹಸಿರು ಬೂಷ್ಟು ಹಿಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಮೂಗು ಮುರಿದು ತಿಪ್ಪೆಗೆ ಎಸೆದೂ ಇದ್ದೇವೆ. ಜಪಾನಿನ ಕ್ಯೋಟೊ ನಗರದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ದೊರೆತ ಅಂಥದೇ ಬೂಷ್ಟೊಂದು, ಇಂದು ಕೋಟ್ಯಂತರ ಜನ ನಿತ್ಯ ನುಂಗುವ ಗುಳಿಗೆಗಳ ವಂಶಕ್ಕೆ ಮೂಲಪುರುಷನಾಯಿತೆಂದರೆ ಕೇಳುಗರಿಗೆ ಅಚ್ಚರಿಯಾದೀತು.

ಕೊಲೆಸ್ಟರಾಲ್ ಎಂಬ ಮೇಣದಂಥ ವಸ್ತು ಜೀವಕೋಶದ ಪೊರೆಗೆ ಅಗತ್ಯವಾದುದೇ. ರಕ್ತದಲ್ಲಿ ಅದು ಮಿತಿಮೀರಿದಾಗ ಮಾತ್ರ ಹೃದಯದ ರಕ್ತನಾಳಗಳ ಗೋಡೆಯನ್ನು ಸೇರಿ ದಾರಿಯನ್ನು ಇಕ್ಕಟ್ಟಾಗಿಸುತ್ತದೆ. ಅದರ ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಈ ತಯಾರಿಕೆಯ ಮುಖ್ಯ ಕಿಣ್ವವನ್ನು ತಡೆದರೆ? ಯಕೃತ್ತು ತನಗೆ ಬೇಕಾದುದನ್ನು ರಕ್ತದಿಂದಲೇ ಹೀರಿಕೊಳ್ಳಬೇಕಾಗುತ್ತದೆ. ಟೋಕಿಯೊದ ಸಾಂಕ್ಯೊ ಔಷಧ ಸಂಸ್ಥೆಯ ಅಕಿರಾ ಎಂಡೊ 1971ರಲ್ಲಿ ಈ ಜಾಡು ಹಿಡಿದರು. ವೈರಿ ಸೂಕ್ಷ್ಮಜೀವಿಗಳೊಡನೆ ಸದಾ ಕಾದಾಡುವ ಶಿಲೀಂಧ್ರಗಳಲ್ಲಿ ಯಾವುದಾದರೊಂದರ ಬಳಿ, ವೈರಿಯ ಪೊರೆಯ ಕಚ್ಚಾಸಾಮಗ್ರಿಯನ್ನೇ ಕೆಡಿಸುವ ಅಸ್ತ್ರ ಇದ್ದೀತೆಂಬುದು ಅವರ ತರ್ಕ. ಸುಮಾರು 6000 ತಳಿಗಳನ್ನು ಶೋಧಿಸಿದ ಮೇಲೆ, 1973ರಲ್ಲಿ, ಪೆನಿಸಿಲಿಯಂ ಸಿಟ್ರಿನಂ ಎಂಬ ಅಕ್ಕಿಯ ಬೂಷ್ಟು ಆ ಅಸ್ತ್ರವನ್ನು ಒಪ್ಪಿಸಿತು. ಅದೇ ಕಾಂಪ್ಯಾಕ್ಟಿನ್.

ಇಲಿಗಳಿಗೆ ತಿನ್ನಿಸಿದರೆ ಫಲ ಸೊನ್ನೆ! ಇಲಿಯ ಯಕೃತ್ತು ಆ ಕಿಣ್ವವನ್ನೇ ಹೆಚ್ಚಿಸಿಕೊಂಡು ಮದ್ದನ್ನು ಸೋಲಿಸುತ್ತಿತ್ತು. ಆಗ ಕೈಹಿಡಿದದ್ದು ಕೋಳಿ. ಮೊಟ್ಟೆಯ ಹಳದಿಯಲ್ಲಿ ಕೊಲೆಸ್ಟರಾಲ್ ಸಮೃದ್ಧವಾಗಿರುವಾಗ, ಮೊಟ್ಟೆಯಿಡುವ ಹೇಂಟೆ ಅದನ್ನು ಧಾರಾಳವಾಗಿ ತಯಾರಿಸುತ್ತಿರಲೇಬೇಕಷ್ಟೆ? 1976ರಲ್ಲಿ ಸಹೋದ್ಯೋಗಿಯೊಬ್ಬರ ಹೇಂಟೆಗಳ ಮೇವಿಗೆ ಮದ್ದನ್ನು ಬೆರೆಸಿ ನೋಡಿದಾಗ ಕೆಲವೇ ವಾರಗಳಲ್ಲಿ ರಕ್ತದ ಕೊಲೆಸ್ಟರಾಲ್ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು.

1980ರಲ್ಲಿ ಮತ್ತೆ ವಿಘ್ನ. ಅತ್ಯಧಿಕ ಪ್ರಮಾಣದಲ್ಲಿ ಮದ್ದು ತಿಂದ ನಾಯಿಗಳಲ್ಲಿ ಗಡ್ಡೆಯ ಶಂಕೆ ಮೂಡಿ, ಸಂಸ್ಥೆ ಕಾಂಪ್ಯಾಕ್ಟಿನನ್ನು ಕೈಬಿಟ್ಟಿತು. ಅಮೆರಿಕದ ಮರ್ಕ್ ಸಂಸ್ಥೆ 1978ರಲ್ಲಿ ಆಸ್ಪರ್ಜಿಲಸ್ ಟೆರಿಯಸ್ ಎಂಬ ಇನ್ನೊಂದು ಶಿಲೀಂಧ್ರದಿಂದ ಪಡೆದಿದ್ದ ಲೊವಾಸ್ಟಾಟಿನ್ ಕೂಡ ಅದೇ ಭಯದಿಂದ ಮೂಲೆ ಸೇರಿತು. ಹುಟ್ಟಿನಿಂದಲೇ ಕೊಲೆಸ್ಟರಾಲ್ ವಿಪರೀತವಾಗಿದ್ದ ರೋಗಿಗಳಿಗಾಗಿ ಕೆಲವು ವೈದ್ಯರು ಅದನ್ನು ಕೇಳಿ ಪಡೆಯದಿದ್ದರೆ ಅದು ಅಲ್ಲಿಯೇ ಉಳಿಯುತ್ತಿತ್ತೇನೋ. 1987ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಇಡ್ಲಿ ಹಿಟ್ಟಿನ ಹುದುಗು ಒಂದು ರಾತ್ರಿಯ ಮಾತು. ಈ ಹುದುಗಿಗೆ ದಿನಗಟ್ಟಲೆ ಬೇಕು. ಹೊಟ್ಟೆ ತುಂಬ ಉಂಡು ಬೆಳೆಯುವಾಗ ಶಿಲೀಂಧ್ರ ಮದ್ದು ಕೊಡಲು ಜಿಪುಣ. ಬೆಳವಣಿಗೆ ತಗ್ಗಿದ ಮೇಲೆಯೇ ಉದಾರಿ. ಆದ್ದರಿಂದ ಥಟ್ಟನೆ ಮುಗಿದುಹೋಗುವ ಗ್ಲೂಕೋಸಿಗಿಂತ, ಅದು ನಿಧಾನವಾಗಿ ಅರಗಿಸಿಕೊಳ್ಳುವ ಹಾಲಿನ ಸಕ್ಕರೆ ಮೇಲೆಂದು ಕಂಡುಕೊಂಡಿದ್ದಾರೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ ಲೊವಾಸ್ಟಾಟಿನ್ ತಯಾರಿಕೆಗೆ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಪಡೆಯಿತು.

ಇದನ್ನು ಕೇಳಿ ಯಾರೂ ಬೂಷ್ಟು ಹಿಡಿದ ಅಕ್ಕಿಯನ್ನು ಉಣ್ಣಲು ಹೊರಡಬಾರದು. ಇದೇ ಪೆನಿಸಿಲಿಯಂ ಸಿಟ್ರಿನಂ ಮೂತ್ರಪಿಂಡಕ್ಕೆ ನಂಜಾದ ಸಿಟ್ರಿನಿನ್ ಎಂಬ ವಸ್ತುವನ್ನೂ ಉತ್ಪಾದಿಸುತ್ತದೆ.